ಪರ್ಪಲ್ ಹಾರ್ಟ್ ಪದಕ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿರುವ ಮಗಳ ಮನೆಗೋ ಮಗನ ಮನೆಗೋ ಹೋಗಿ ಬಂದವರು ಅಲ್ಲಿನ ಕಾರುಗಳ ನಂಬರ್ ಪ್ಲೇಟ್ ಮೇಲೆ, ಹೆದ್ದಾರಿ ಬೋರ್ಡ್ ಮೇಲೆ, ಕೆಲವು ಅಂಗಡಿಗಳ ಪಾರ್ಕಿಂಗ್ ಜಾಗದಲ್ಲಿ ನೇರಳೆ ಬಣ್ಣದ ಹೃದಯದ ಗುರುತು ನೋಡಿರಬಹುದು. ಅದು ಪರ್ಪಲ್ ಹಾರ್ಟ್ ಪದಕದ ಗುರುತು. ಹೆಸರು ಕೇಳಿದವರು ಬಹಳ ಜನ. ಯಾರಿಗೆ ಕೊಡುತ್ತಾರೆ, ಯಾವುದಕ್ಕೆ ಕೊಡುವುದಿಲ್ಲ ಎಂದು ಗೊತ್ತಿರುವವರು ಕಡಿಮೆ. ಕನ್ನಡದಲ್ಲಿ ಈ ಬಗ್ಗೆ ಸರಿಯಾಗಿ ಓದಲು ಸಿಗುವುದೂ ಅಪರೂಪ. ಹಾಗಾಗಿ ಜನ ಕೇಳುವ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ಪ್ರಶ್ನೆ: ಪರ್ಪಲ್ ಹಾರ್ಟ್ ಯಾರಿಗೆ ಕೊಡುತ್ತಾರೆ?

ಶತ್ರುವಿನ ಕೈಯಿಂದ ಗಾಯಗೊಂಡ ಅಥವಾ ಸತ್ತ ಅಮೆರಿಕದ ಸೈನಿಕರಿಗೆ. ಭೂಸೇನೆ, ನೌಕಾಪಡೆ, ವಾಯುಪಡೆ, ಮರೀನ್, ಕೋಸ್ಟ್ ಗಾರ್ಡ್ ಎಲ್ಲರಿಗೂ ಒಂದೇ ಪದಕ. ಅಧ್ಯಕ್ಷರ ಹೆಸರಿನಲ್ಲಿ ಕೊಡುತ್ತಾರೆ.

ಪ್ರಶ್ನೆ: ಹಾಗಾದರೆ ಇದು ಶೌರ್ಯ ಪದಕ ತಾನೇ?

ಅಲ್ಲ. ಜಾಸ್ತಿ ಜನ ಎಡವುವುದು ಇಲ್ಲೇ.

ಶೌರ್ಯ ಪದಕ ಸಿಗಬೇಕಾದರೆ ಮೇಲಧಿಕಾರಿ ಶಿಫಾರಸು ಬರೆಯಬೇಕು. ಕಣ್ಣಾರೆ ಕಂಡವರು ಹೇಳಬೇಕು. ಅದರ ಮೇಲಿನವರು ಒಪ್ಪಬೇಕು. ಪರ್ಪಲ್ ಹಾರ್ಟ್‌ಗೆ ಶಿಫಾರಸು ಎಂಬುದೇ ಇಲ್ಲ. ನಿಯಮದಲ್ಲಿ ಹೇಳಿದಂಥ ಗಾಯ ಆಗಿದ್ದರೆ ಪದಕ ಆ ಸೈನಿಕನ ಹಕ್ಕು. ಯಾರ ದಾಕ್ಷಿಣ್ಯವೂ ಬೇಕಿಲ್ಲ. ಗುಂಡಿನ ಮಳೆಯಲ್ಲಿ ಮುನ್ನುಗ್ಗಿದವನಿಗೂ ಅದೇ ಪದಕ, ಶಿಬಿರದಲ್ಲಿ ಊಟಕ್ಕೆ ತಟ್ಟೆ ಹಿಡಿದು ನಿಂತಿದ್ದಾಗ ರಾಕೆಟ್ ಬಿದ್ದು ಗಾಯಗೊಂಡ ಅಡುಗೆಯವನಿಗೂ ಅದೇ ಪದಕ. ಎರಡು ಕಾಲು ಕಳೆದುಕೊಂಡವರಿಗೆ ದೊಡ್ಡದು, ಭುಜಕ್ಕೆ ಚೂರು ಹೊಕ್ಕವರಿಗೆ ಚಿಕ್ಕದು ಎಂದಿಲ್ಲ. ಜನರಲ್‌ಗೂ ಸಿಪಾಯಿಗೂ ಬೇರೆ ಬೇರೆ ಇಲ್ಲ.

ಈ ಪದಕದಲ್ಲಿ ನನಗೆ ತುಂಬಾ ಹಿಡಿಸುವುದು ಇದೇ. ಯಾರು ಎಷ್ಟು ಧೈರ್ಯ ತೋರಿಸಿದರು ಎಂದು ತೂಗಿ ನೋಡುವ ಕೆಲಸಕ್ಕೆ ಇದು ಕೈ ಹಾಕುವುದಿಲ್ಲ. ಕೇಳುವುದು ಎರಡೇ ಮಾತು: ಗಾಯ ಮಾಡಿದ್ದು ಶತ್ರುವೇ? ಅದು ದಾಖಲೆಯಲ್ಲಿ ಇದೆಯೇ? ಕೆಳಗೆ ಬರುವ ತಕರಾರುಗಳೆಲ್ಲ ಹುಟ್ಟುವುದು ಈ ಎರಡು ಮಾತಿನಿಂದಲೇ.

ಪ್ರಶ್ನೆ: ಇದು ಶುರುವಾದದ್ದು ಯಾವಾಗ?

1782ರಲ್ಲಿ. ಆದರೆ ಆಗ ಅದಕ್ಕೂ ಗಾಯಕ್ಕೂ ಸಂಬಂಧ ಇರಲಿಲ್ಲ.

ಬ್ರಿಟಿಷರ ವಿರುದ್ಧದ ಸ್ವಾತಂತ್ರ್ಯ ಯುದ್ಧ ಮುಗಿಯುತ್ತಾ ಬಂದಿತ್ತು. ಯಾರ್ಕ್‌ಟೌನ್‌ನಲ್ಲಿ ಬ್ರಿಟಿಷ್ ಸೇನೆ 1781ರ ಅಕ್ಟೋಬರ್‌ನಲ್ಲೇ ಶರಣಾಗಿತ್ತು, ಆದರೆ ಶಾಂತಿ ಒಪ್ಪಂದ ಇನ್ನೂ ಆಗಿರಲಿಲ್ಲ. ಅಮೆರಿಕ ಸೇನೆಯ ದಂಡನಾಯಕ ಜಾರ್ಜ್ ವಾಷಿಂಗ್ಟನ್ ಹಡ್ಸನ್ ನದಿ ದಂಡೆಯ ನ್ಯೂಬರ್ಗ್ ಊರಿನಲ್ಲಿ ಬೀಡುಬಿಟ್ಟಿದ್ದರು. ಸೈನಿಕರಿಗೆ ಸಂಬಳ ಬಾಕಿ. ಒಳ್ಳೆ ಕೆಲಸ ಮಾಡಿದವರಿಗೆ ಬಡ್ತಿ ಕೊಡೋಣ ಎಂದರೆ ಖಜಾನೆಯಲ್ಲಿ ಹಣ ಇಲ್ಲ, ಕೊಡಬೇಡಿ ಎಂದು ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಕೈ ಕಟ್ಟಿಹಾಕಿತ್ತು.

ಆಗ ವಾಷಿಂಗ್ಟನ್ ಕಂಡುಕೊಂಡ ದಾರಿ ಇದು. 1782ರ ಆಗಸ್ಟ್ 7ರಂದು ಒಂದು ಆದೇಶ ಹೊರಡಿಸಿದರು. ವಿಶೇಷವಾದ ಕೆಲಸ ಮಾಡಿದ ಸಾಮಾನ್ಯ ಸೈನಿಕ ನೇರಳೆ ಬಟ್ಟೆ ಅಥವಾ ರೇಷ್ಮೆಯಲ್ಲಿ ಮಾಡಿದ ಹೃದಯದ ಗುರುತನ್ನು ಎಡಗಡೆ ಎದೆಯ ಮೇಲೆ ಧರಿಸಬಹುದು. ಅದಕ್ಕೆ ಸುತ್ತ ತೆಳು ಲೇಸಿನ ಅಂಚು. ಹೆಸರು ಬ್ಯಾಡ್ಜ್ ಆಫ್ ಮಿಲಿಟರಿ ಮೆರಿಟ್. ಇದನ್ನು ಧರಿಸಿದವರನ್ನು ಯಾವ ಕಾವಲುಗಾರನೂ ತಡೆಯಬಾರದು, ಅಧಿಕಾರಿಗಳನ್ನು ಬಿಡುವ ಹಾಗೆ ಬಿಡಬೇಕು ಎಂದೂ ಆದೇಶದಲ್ಲಿತ್ತು. ಇದು ಸಣ್ಣ ಸಂಗತಿ ಅಲ್ಲ. ಆ ಕಾಲದ ಯುರೋಪಿನ ಸೇನೆಗಳಲ್ಲಿ ಗೌರವವೆಲ್ಲ ಅಧಿಕಾರಿಗಳ ಪಾಲು. ಇಲ್ಲಿ ಸಿಪಾಯಿಗೆ, ಸಾರ್ಜೆಂಟ್‌ಗೆ ಅಂತಲೇ ಒಂದು ಗುರುತು ಮಾಡಿದರು.

ಅದು ಸಿಕ್ಕಿತ್ತು ಎಂದು ಖಚಿತವಾಗಿ ಗೊತ್ತಿರುವುದು ಮೂವರಿಗೆ ಮಾತ್ರ. ಎಲೈಜಾ ಚರ್ಚಿಲ್, ವಿಲಿಯಂ ಬ್ರೌನ್, ಡೇನಿಯಲ್ ಬಿಸೆಲ್. ಮೂವರೂ ಕನೆಕ್ಟಿಕಟ್‌ನವರು, ಮೂವರೂ ಸಾರ್ಜೆಂಟ್‌ಗಳು. ಚರ್ಚಿಲ್ ಲಾಂಗ್ ಐಲ್ಯಾಂಡ್‌ನ ಬ್ರಿಟಿಷ್ ಕೋಟೆಗಳ ಮೇಲಿನ ದಾಳಿಗಳಲ್ಲಿ ಮುಂದೆ ನಿಂತವರು. ಬ್ರೌನ್ ಯಾರ್ಕ್‌ಟೌನ್ ಮುತ್ತಿಗೆಯಲ್ಲಿ ಹೆಸರು ಮಾಡಿದವರು. ಬಿಸೆಲ್ ಸೇನೆ ಬಿಟ್ಟು ಓಡಿಬಂದವನ ವೇಷದಲ್ಲಿ ಬ್ರಿಟಿಷರ ಕೈಯಲ್ಲಿದ್ದ ನ್ಯೂಯಾರ್ಕ್ ಸೇರಿ, ವರ್ಷಕ್ಕೂ ಹೆಚ್ಚು ಕಾಲ ಅವರೊಳಗೇ ಇದ್ದು ಗುಟ್ಟು ತಂದವರು. ಪದಕ ಪಡೆದವರ ಹೆಸರನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು ಎಂದು ವಾಷಿಂಗ್ಟನ್ ಹೇಳಿದ್ದರು. ಆ ಪುಸ್ತಕ ಇವತ್ತಿಗೂ ಸಿಕ್ಕಿಲ್ಲ. ಯುದ್ಧ ಮುಗಿಯಿತು, ಗುರುತನ್ನೂ ಜನ ಮರೆತರು.

ಪ್ರಶ್ನೆ: ಮತ್ತೆ ಜೀವ ಬಂದದ್ದು ಹೇಗೆ?

ಮೊದಲ ಮಹಾಯುದ್ಧದ ನಂತರ. 1927ರಲ್ಲಿ ಸೇನಾ ಮುಖ್ಯಸ್ಥ ಜನರಲ್ ಚಾರ್ಲ್ಸ್ ಸಮರಾಲ್ ಹಳೆಯ ಗುರುತನ್ನು ವಾಪಸ್ ತರಲು ಪ್ರಯತ್ನಿಸಿದರು, ಕೈಗೂಡಲಿಲ್ಲ. 1931ರಲ್ಲಿ ಅವರ ಜಾಗಕ್ಕೆ ಬಂದಿದ್ದ ಜನರಲ್ ಡಗ್ಲಾಸ್ ಮ್ಯಾಕ್‌ಆರ್ಥರ್ ಅದನ್ನು ಮತ್ತೆ ಕೈಗೆತ್ತಿಕೊಂಡರು. ಸೇನೆಯ ಲಾಂಛನಗಳ ವಿಭಾಗದಲ್ಲಿದ್ದ ಎಲಿಜಬೆತ್ ವಿಲ್ ಎಂಬ ಮಹಿಳೆ ಚಿತ್ರ ಬರೆದರು. ಫಿಲಡೆಲ್ಫಿಯಾ ಟಂಕಸಾಲೆಯ ಜಾನ್ ಸಿನಾಕ್ ಅಚ್ಚು ತಯಾರಿಸಿದರು. ವಾಷಿಂಗ್ಟನ್ ಹುಟ್ಟಿ 200 ವರ್ಷ ತುಂಬಿದ ದಿನ, 1932ರ ಫೆಬ್ರವರಿ 22ರಂದು, ಪದಕ ಘೋಷಣೆಯಾಯಿತು. ಒಂದನೇ ನಂಬರಿನ ಪದಕ ಮ್ಯಾಕ್‌ಆರ್ಥರ್ ಅವರಿಗೇ ಹೋಯಿತು. ಅದೇ ವರ್ಷ ಮೇ 28ರಂದು ನ್ಯೂಬರ್ಗ್ ಪಕ್ಕದ ಟೆಂಪಲ್ ಹಿಲ್‌ನಲ್ಲಿ ಮೊದಲ ಮಹಾಯುದ್ಧದ 137 ಮಾಜಿ ಸೈನಿಕರಿಗೆ ಒಟ್ಟಿಗೆ ಪದಕ ಹಾಕಿದರು.

ಆಗಲೂ ಅದು ಎರಡಕ್ಕೂ ಸಿಗುತ್ತಿತ್ತು: ಗಾಯಕ್ಕೂ, ಒಳ್ಳೆ ಸೇವೆಗೂ. ಬರೀ ಗಾಯ ಮತ್ತು ಸಾವಿಗೆ ಎಂದಾದದ್ದು 1942ರಲ್ಲಿ, ಸೇವೆಗಾಗಿ ಲೀಜನ್ ಆಫ್ ಮೆರಿಟ್ ಎಂಬ ಬೇರೆ ಪದಕ ಬಂದ ಮೇಲೆ. ಅದೇ ವರ್ಷ ಡಿಸೆಂಬರ್‌ನಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ನೌಕಾಪಡೆ, ಮರೀನ್, ಕೋಸ್ಟ್ ಗಾರ್ಡ್‌ಗಳಿಗೂ ಇದನ್ನು ವಿಸ್ತರಿಸಿದರು. ಅದಕ್ಕೂ ಮೊದಲು ಇದು ಭೂಸೇನೆಯದ್ದು ಮಾತ್ರ ಆಗಿತ್ತು.

ಈ ಬದಲಾವಣೆಯ ನಡುವೆ ಸಿಕ್ಕಿಕೊಂಡ ಒಬ್ಬರ ಕಥೆ ಹೇಳಲೇಬೇಕು. ಆನಿ ಫಾಕ್ಸ್. 1941ರ ಡಿಸೆಂಬರ್ 7ರಂದು ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿದಾಗ ಪಕ್ಕದ ಹಿಕಮ್ ವಾಯುನೆಲೆಯ ಆಸ್ಪತ್ರೆಯಲ್ಲಿ ಮುಖ್ಯ ನರ್ಸ್ ಆಗಿದ್ದರು. ಬಾಂಬ್ ಬೀಳುತ್ತಿದ್ದಾಗಲೂ ಗಾಯಾಳುಗಳ ಆರೈಕೆ ನಿಲ್ಲಿಸಲಿಲ್ಲ. ಅವರಿಗೆ ಗಾಯ ಆಗಿರಲಿಲ್ಲ. ಆದರೂ 1942ರ ಅಕ್ಟೋಬರ್‌ನಲ್ಲಿ ಸೇವೆಗಾಗಿ ಪರ್ಪಲ್ ಹಾರ್ಟ್ ಸಿಕ್ಕಿತು. ನಿಯಮ ಬದಲಾದ ಮೇಲೆ, 1944ರಲ್ಲಿ, ಅದರ ಬದಲಿಗೆ ಬ್ರಾಂಜ್ ಸ್ಟಾರ್ ಪದಕ ಕೊಟ್ಟರು.

ಪ್ರಶ್ನೆ: ಪದಕ ನೋಡಲು ಹೇಗಿದೆ?

ಹೃದಯದ ಆಕಾರ, ಸುಮಾರು ಮೂರೂವರೆ ಸೆಂಟಿಮೀಟರ್ ಅಗಲ. ಚಿನ್ನದ ಬಣ್ಣದ ಅಂಚು, ಒಳಗೆ ನೇರಳೆ. ನಡುವೆ ವಾಷಿಂಗ್ಟನ್ ಅವರ ಮುಖ, ಒಂದು ಪಕ್ಕದಿಂದ ಕಾಣುವ ಹಾಗೆ. ಹೃದಯದ ಮೇಲ್ಭಾಗದಲ್ಲಿ ಪುಟ್ಟ ಬಿಳಿ ಗುರಾಣಿ. ಅದರಲ್ಲಿ ಮೂರು ಕೆಂಪು ನಕ್ಷತ್ರ, ಎರಡು ಕೆಂಪು ಅಡ್ಡಪಟ್ಟಿ. ಅದು ವಾಷಿಂಗ್ಟನ್ ಮನೆತನದ ಲಾಂಛನ. ಗುರಾಣಿಯ ಎರಡೂ ಕಡೆ ಹಸಿರು ಎಲೆಗಳು. ರಿಬ್ಬನ್ ನೇರಳೆ, ಅಂಚಿಗೆ ಸಣ್ಣ ಬಿಳಿ ಗೆರೆ.

ತಿರುಗಿಸಿ ನೋಡಿದರೆ ಹಿಂದೆ ಬರೆದಿರುವುದು 'ಸೇನಾ ಅರ್ಹತೆಗಾಗಿ' ಎಂದು. ಗಾಯ ಎಂಬ ಮಾತು ಎಲ್ಲೂ ಇಲ್ಲ. 1932ರ ಅಚ್ಚು ಹಾಗೇ ಉಳಿದಿದೆ.

ಪ್ರಶ್ನೆ: ಯಾವ ಗಾಯಕ್ಕೆ ಸಿಗುತ್ತದೆ? ಯಾವುದಕ್ಕೆ ಸಿಗುವುದಿಲ್ಲ?

ನಿಯಮದ ಪ್ರಕಾರ ಗಾಯ ಎಂದರೆ ಹೊರಗಿನ ಬಲದಿಂದ ದೇಹದ ಯಾವುದೇ ಭಾಗಕ್ಕೆ ಆದ ಹಾನಿ. ಚರ್ಮ ಹರಿದು ರಕ್ತ ಬರಲೇಬೇಕು ಎಂದಿಲ್ಲ. ಆದರೆ ವೈದ್ಯಕೀಯ ಸಿಬ್ಬಂದಿಯ ಚಿಕಿತ್ಸೆ ಬೇಕಾಗುವಷ್ಟು ಇರಬೇಕು, ಆ ಚಿಕಿತ್ಸೆ ದಾಖಲೆಗೆ ಸೇರಿರಬೇಕು.

ಗುಂಡು, ಸಿಡಿಗುಂಡಿನ ಚೂರು, ನೆಲಬಾಂಬ್, ಶತ್ರು ಬಿಟ್ಟ ವಿಷಾನಿಲ, ಶತ್ರು ಒಡ್ಡಿದ ಬಲೆ, ಇವೆಲ್ಲ ಸೇರುತ್ತವೆ. ಮುಂದೆ ವಿದೇಶಾಂಗ ಸಚಿವರಾದ ಕಾಲಿನ್ ಪವೆಲ್ 1963ರಲ್ಲಿ ವಿಯೆಟ್ನಾಂನಲ್ಲಿ ನಡೆದು ಹೋಗುತ್ತಿದ್ದಾಗ, ಗುಂಡಿಯಲ್ಲಿ ಅಡಗಿಸಿ ನೆಟ್ಟಿದ್ದ ಚೂಪು ಬಿದಿರು ಗೂಟದ ಮೇಲೆ ಕಾಲಿಟ್ಟರು. ಗೂಟ ಪಾದಕ್ಕೆ ಹೊಕ್ಕಿತು. ಆ ಗಳಿಗೆಯಲ್ಲಿ ಎದುರಿಗೆ ಶತ್ರು ಯಾರೂ ಇರಲಿಲ್ಲ. ಆದರೂ ಗೂಟ ನೆಟ್ಟದ್ದು ಶತ್ರುವೇ, ಅವರನ್ನು ಗಾಯಗೊಳಿಸಲೆಂದೇ. ಪದಕ ಸಿಕ್ಕಿತು.

ಸಿಗದವು: ಬಿಸಿಲ ಹೊಡೆತ, ಊಟದಿಂದ ಆದ ಹೊಟ್ಟೆ ಕೆಡುವಿಕೆ, ಮಲೇರಿಯಾದಂಥ ಕಾಯಿಲೆ, ಶತ್ರುವಿಗೆ ಸಂಬಂಧವಿಲ್ಲದ ವಾಹನ ಅಪಘಾತ, ಪ್ಯಾರಾಚೂಟ್ ಜಿಗಿತದಲ್ಲಿ ಸುಮ್ನೆ ಕಾಲು ಮುರಿದುಕೊಂಡದ್ದು, ಬೇಕೆಂದೇ ಮಾಡಿಕೊಂಡ ಗಾಯ. ಅದೇ ವಾಹನ ಶತ್ರುವಿನ ಗುಂಡು ತಗುಲಿ ಹಳ್ಳಕ್ಕೆ ಬಿದ್ದರೆ ಲೆಕ್ಕವೇ ಬೇರೆ. ಆಗ ಪದಕ ಉಂಟು.

ಪ್ರಶ್ನೆ: ಚಳಿಗೆ ಬೆರಳು ಕಳೆದುಕೊಂಡರೂ ಸಿಗುವುದಿಲ್ಲವೇ?

ಸಿಗುವುದಿಲ್ಲ. ಒಂದು ಕಾಲದಲ್ಲಿ ಸಿಗುತ್ತಿತ್ತು. 1950ರ ಚಳಿಗಾಲದಲ್ಲಿ ಕೊರಿಯಾದ ಚೋಸಿನ್ ಜಲಾಶಯದ ಹತ್ತಿರ ನಡೆದ ಕಾಳಗದಲ್ಲಿ ಸಾವಿರಾರು ಅಮೆರಿಕನ್ ಸೈನಿಕರ ಕೈಕಾಲು ಮರಗಟ್ಟಿದವು, ಎಷ್ಟೋ ಜನರ ಬೆರಳು ಕತ್ತರಿಸಬೇಕಾಯಿತು. 1951ರಿಂದ ಭೂಸೇನೆ ಫ್ರಾಸ್ಟ್‌ಬೈಟ್ ಅನ್ನು ಈ ಪದಕದ ಲೆಕ್ಕದಿಂದ ತೆಗೆದುಹಾಕಿತು. ಕಾರಣ ಸರಳ: ಚಳಿ ಶತ್ರುವಿನ ಆಯುಧ ಅಲ್ಲ.

ಕನ್ನಡಿಗರಿಗೆ ಇದು ಎಷ್ಟು ಕಠಿಣ ಎಂದು ಬಿಡಿಸಿ ಹೇಳಬೇಕಿಲ್ಲ. ಧಾರವಾಡ ಜಿಲ್ಲೆ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ, 19,000 ಅಡಿಗೂ ಎತ್ತರದಲ್ಲಿ, ಹಿಮ ಕುಸಿದು ಅದರಡಿ ಹೂತುಹೋದರು. ಅವರ ಜೊತೆ ಇದ್ದ ಒಂಬತ್ತು ಮಂದಿ ಉಳಿಯಲಿಲ್ಲ. ದಿನಗಟ್ಟಲೆ ಹಿಮದಡಿ ಇದ್ದು ಜೀವಂತ ಸಿಕ್ಕ ಹನುಮಂತಪ್ಪ ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಇಡೀ ರಾಜ್ಯ ಆ ದಿನಗಳಲ್ಲಿ ಟಿವಿ ಮುಂದೆ ಕೂತು ಬೇಡಿಕೊಂಡಿತ್ತು. ಅಮೆರಿಕದ ಈ ನಿಯಮವನ್ನು ಅಲ್ಲಿಟ್ಟು ನೋಡಿದರೆ ಅಂಥ ಸಾವಿಗೂ ಪರ್ಪಲ್ ಹಾರ್ಟ್ ಬರುವುದಿಲ್ಲ. ಅವರ ತ್ಯಾಗ ಚಿಕ್ಕದು ಎಂದು ಇದರ ಅರ್ಥ ಖಂಡಿತ ಅಲ್ಲ. ಈ ಪದಕ ನೋಡುವುದು ಗಾಯ ಯಾರು ಮಾಡಿದರು ಎಂಬುದನ್ನು ಮಾತ್ರ. ಹಿಮದಲ್ಲಿ, ಮರುಭೂಮಿಯಲ್ಲಿ ದೇಹ ತೆತ್ತವರಿಗೆ ಬೇರೆ ರೀತಿಯ ಗೌರವ ಇರಲೇಬೇಕು.

ಪ್ರಶ್ನೆ: ತಲೆಗೆ ಬಿದ್ದ ಪೆಟ್ಟು, ಹೊರಗೆ ಏನೂ ಕಾಣದಿದ್ದರೆ?

ಇರಾಕ್, ಅಫ್ಘಾನಿಸ್ತಾನ ಯುದ್ಧಗಳಲ್ಲಿ ಅತಿ ದೊಡ್ಡ ಪ್ರಶ್ನೆ ಆದದ್ದು ಇದು. ರಸ್ತೆ ಬದಿ ಹೂತಿಟ್ಟ ಬಾಂಬ್ ಸಿಡಿಯುತ್ತದೆ. ಗಟ್ಟಿ ಕವಚದ ವಾಹನ ಒಳಗಿದ್ದವರನ್ನು ಉಳಿಸುತ್ತದೆ. ಮೈಮೇಲೆ ಗೀರು ಕೂಡ ಇಲ್ಲ. ಆದರೆ ಸ್ಫೋಟದ ಅಲೆಗೆ ಮಿದುಳು ಅಲುಗಾಡಿರುತ್ತದೆ. ತಲೆನೋವು, ವಾಂತಿ, ಬೆಳಕು ಕಂಡರೆ ಆಗದು, ಹೆಸರು ನೆನಪಿಗೆ ಬಾರದು. ಮೊದಮೊದಲು ಇಂಥವರಿಗೆ ಪದಕ ಕೊಡಲು ಹಿಂದೇಟು ಹಾಕುತ್ತಿದ್ದರು. 2011ರಲ್ಲಿ ನಿಯಮ ಸ್ಪಷ್ಟ ಮಾಡಿದರು. ಶತ್ರುವಿನ ದಾಳಿಯಿಂದ ಪ್ರಜ್ಞೆ ತಪ್ಪಿದ್ದರೆ, ಅಥವಾ ಲಕ್ಷಣ ಹೋಗದ ಕಾರಣ 48 ಗಂಟೆಗೂ ಹೆಚ್ಚು ಕಾಲ ಪೂರ್ಣ ಕೆಲಸಕ್ಕೆ ಯೋಗ್ಯರಲ್ಲ ಎಂದು ವೈದ್ಯರು ಬರೆದಿದ್ದರೆ, ಅರ್ಹತೆ ಇದೆ.

2020ರ ಜನವರಿ 8ರಂದು ಇರಾನ್ ಇರಾಕ್‌ನ ಅಲ್ ಅಸದ್ ನೆಲೆಯ ಮೇಲೆ ಕ್ಷಿಪಣಿ ಹಾರಿಸಿತು. ಒಬ್ಬರೂ ಸಾಯಲಿಲ್ಲ, ಯಾರಿಗೂ ಏನೂ ಆಗಿಲ್ಲ ಎಂದೇ ಮೊದಲು ಸುದ್ದಿ ಬಂತು. ದಿನ ಕಳೆದಂತೆ ನೂರಕ್ಕೂ ಹೆಚ್ಚು ಸೈನಿಕರಲ್ಲಿ ಮಿದುಳಿನ ಪೆಟ್ಟು ಪತ್ತೆಯಾಯಿತು. ಆ ವರ್ಷ ಪರ್ಪಲ್ ಹಾರ್ಟ್ ಸಿಕ್ಕಿದ್ದು 29 ಮಂದಿಗೆ. ಅರ್ಜಿ ಮರುಪರಿಶೀಲನೆ ಮಾಡಿ 2021ರ ಕೊನೆಯಲ್ಲಿ ಇನ್ನೂ 39 ಮಂದಿಗೆ ಕೊಟ್ಟರು. ಕಾಣದ ಗಾಯವನ್ನು ಒಪ್ಪಿಸಲು ಸೈನಿಕ ಸುಮಾರು ಎರಡು ವರ್ಷ ಕಾಯಬೇಕಾಯಿತು ಎಂದರೆ ಅದು ಸರಿ ಅಲ್ಲ ಅಲ್ವಾ?

ಪ್ರಶ್ನೆ: ಯುದ್ಧದಿಂದ ಮನಸ್ಸಿಗೆ ಆದ ಗಾಯಕ್ಕೆ?

ಪಿಟಿಎಸ್‌ಡಿಗೆ, ಅಂದರೆ ಭೀಕರ ಘಟನೆಯ ಆಘಾತ ಮನಸ್ಸಿನಲ್ಲಿ ಉಳಿದು ಕಾಡುವ ಕಾಯಿಲೆಗೆ, ಪರ್ಪಲ್ ಹಾರ್ಟ್ ಇಲ್ಲ. ಕೊಡಬೇಕೇ ಎಂದು ರಕ್ಷಣಾ ಇಲಾಖೆ ಚರ್ಚಿಸಿ, 2009ರ ಜನವರಿಯಲ್ಲಿ ಬೇಡ ಎಂದು ತೀರ್ಮಾನಿಸಿತು. ಇದು ಶತ್ರು ಬೇಕೆಂದು ಹೊರಗಿನಿಂದ ಮಾಡಿದ ದೇಹದ ಗಾಯ ಅಲ್ಲ, ನೋಡಿದ ಅನುಭವಿಸಿದ ಘಟನೆಗಳಿಂದ ಬರುವಂಥದ್ದು. ಅಳೆದು ಹೇಳುವುದೂ ಕಷ್ಟ, ಎಂಬುದು ಅವರು ಕೊಟ್ಟ ಕಾರಣ.

ಮಾಜಿ ಸೈನಿಕರಲ್ಲೇ ಇದಕ್ಕೆ ಎರಡು ಅಭಿಪ್ರಾಯ ಇವೆ. ರಕ್ತ ಸುರಿಸಿದವರ ಪದಕ ಹಾಗೇ ಇರಲಿ ಎನ್ನುವವರು ಬಹಳ. ಮಿದುಳಿಗೆ ಪೆಟ್ಟಾದರೆ ಕೊಡುತ್ತೀರಿ, ಅದೇ ಸ್ಫೋಟದಲ್ಲಿ ಪಕ್ಕದವನ ಸಾವು ಕಂಡು ಹತ್ತು ವರ್ಷ ನಿದ್ದೆ ಮಾಡದವನಿಗೆ ಯಾಕಿಲ್ಲ ಎನ್ನುವವರೂ ಇದ್ದಾರೆ. ನನ್ನ ಅಭಿಪ್ರಾಯ ಕೇಳಿದರೆ, ಪದಕದ ನಿಯಮವನ್ನು ಸಡಿಲ ಮಾಡದೆಯೂ ಆ ಸೈನಿಕನ ನೋವನ್ನು ಒಪ್ಪಿಕೊಳ್ಳುವ ದಾರಿ ಇದೆ. ಅವನ ಚಿಕಿತ್ಸೆ, ಪಿಂಚಣಿ, ಕೆಲಸ ಇವು ಪದಕಕ್ಕೆ ಗಂಟು ಬೀಳಬಾರದು. 'ಪದಕವೇ ಇಲ್ಲ, ಹಾಗಾದರೆ ನಿನಗೇನಾಗಿದೆ' ಎಂದು ಯಾರೂ ಕೇಳುವಂತೆ ಆಗಬಾರದು.

ಪ್ರಶ್ನೆ: ತಮ್ಮವರದೇ ಗುಂಡು ತಗುಲಿದರೆ?

ಶತ್ರುವಿನ ಜೊತೆ ಕಾದಾಡುತ್ತಿರುವಾಗ ತಪ್ಪಿ ತಮ್ಮವರದೇ ಗುಂಡು ತಗುಲಿದರೆ ಪದಕ ಸಿಗುತ್ತದೆ. 1991ರ ಕೊಲ್ಲಿ ಯುದ್ಧದಲ್ಲಿ 35 ಅಮೆರಿಕನ್ ಸೈನಿಕರು ಹೀಗೆ ತಮ್ಮವರ ದಾಳಿಗೇ ಬಲಿಯಾದರು. 1993ರ ಕಾನೂನಿನಲ್ಲಿ ಇದನ್ನು ಸ್ಪಷ್ಟವಾಗಿ ಸೇರಿಸಿದರು.

ಪ್ರಶ್ನೆ: ಯುದ್ಧಭೂಮಿಯಲ್ಲಿ ಅಲ್ಲ, ಸ್ವದೇಶದಲ್ಲೇ ಭಯೋತ್ಪಾದಕ ದಾಳಿ ಆದರೆ?

1984ರಲ್ಲಿ ಅಧ್ಯಕ್ಷ ರೇಗನ್ ಅಂತರರಾಷ್ಟ್ರೀಯ ಭಯೋತ್ಪಾದಕ ದಾಳಿಗಳನ್ನು, ಶಾಂತಿಪಾಲನಾ ಪಡೆಯಲ್ಲಿದ್ದಾಗ ಆಗುವ ಗಾಯಗಳನ್ನು ಸೇರಿಸಿದರು. ಆದರೂ ಒಂದು ತೂತು ಉಳಿದಿತ್ತು. 2009ರ ನವೆಂಬರ್ 5ರಂದು ಟೆಕ್ಸಸ್‌ನ ಫೋರ್ಟ್ ಹುಡ್ ನೆಲೆಯಲ್ಲಿ ಸೇನೆಯ ವೈದ್ಯನೊಬ್ಬನೇ ಸಹೋದ್ಯೋಗಿಗಳ ಮೇಲೆ ಗುಂಡು ಹಾರಿಸಿದ. 13 ಮಂದಿ ಸತ್ತರು, 30ಕ್ಕೂ ಹೆಚ್ಚು ಮಂದಿಗೆ ಗಾಯ. ಕೊಂದವನು ತಮ್ಮ ಸೇನೆಯವನೇ, ಹಾಗಾಗಿ ಪದಕ ಬರುವುದಿಲ್ಲ ಎಂದರು. ಗಾಯಾಳುಗಳು, ಸತ್ತವರ ಮನೆಯವರು ವರ್ಷಗಟ್ಟಲೆ ಹೋರಾಡಿದರು. ವಿದೇಶಿ ಭಯೋತ್ಪಾದಕ ಸಂಘಟನೆಯ ಜೊತೆ ಸಂಪರ್ಕ ಇಟ್ಟುಕೊಂಡು, ಅದರ ಪ್ರೇರಣೆಯಿಂದ ದಾಳಿ ಮಾಡಿದರೂ ಲೆಕ್ಕಕ್ಕೆ ಬರುತ್ತದೆ ಎಂದು 2014ರ ಕೊನೆಯಲ್ಲಿ ಕಾನೂನು ತಿದ್ದಿದರು. ಪದಕ ಪ್ರದಾನ ಆದದ್ದು 2015ರ ಏಪ್ರಿಲ್‌ನಲ್ಲಿ.

ಪ್ರಶ್ನೆ: ಸೈನಿಕರಲ್ಲದವರಿಗೆ, ಪ್ರಾಣಿಗಳಿಗೆ ಕೊಡುತ್ತಾರೆಯೇ?

ಈಗ ಇಲ್ಲ. 1962ರಲ್ಲಿ ಅಧ್ಯಕ್ಷ ಕೆನಡಿ ಸೇನೆಯ ಜೊತೆ ಕೆಲಸ ಮಾಡುವ ನಾಗರಿಕರನ್ನೂ ಸೇರಿಸಿದ್ದರು. 1998ರಿಂದ ಅದನ್ನು ನಿಲ್ಲಿಸಿದರು. 2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ ರಕ್ಷಣಾ ಇಲಾಖೆಯ ಕಚೇರಿ ಪೆಂಟಗನ್‌ನ ನಾಗರಿಕ ನೌಕರರು ಸತ್ತಾಗ ಅವರಿಗಾಗಿ ಡಿಫೆನ್ಸ್ ಆಫ್ ಫ್ರೀಡಂ ಎಂಬ ಬೇರೆ ಪದಕ ಮಾಡಿದರು.

ಎರಡನೇ ಮಹಾಯುದ್ಧದಲ್ಲಿ ಚಿಪ್ಸ್ ಎಂಬ ಸೇನಾ ನಾಯಿಗೆ ಪರ್ಪಲ್ ಹಾರ್ಟ್ ಕೊಟ್ಟಿದ್ದರು. ಮನುಷ್ಯರ ಪದಕ ಪ್ರಾಣಿಗೆ ಕೊಡಬಾರದು ಎಂದು ಆಕ್ಷೇಪ ಬಂದು ವಾಪಸ್ ಪಡೆದರು.

ಪ್ರಶ್ನೆ: ಎರಡನೇ ಸಲ ಗಾಯಗೊಂಡರೆ ಎರಡನೇ ಪದಕವೇ?

ಎರಡನೇ ಪದಕ ನೇತುಹಾಕುವುದಿಲ್ಲ. ಇದ್ದ ರಿಬ್ಬನ್ ಮೇಲೆ ಗುರುತು ಸೇರಿಸುತ್ತಾರೆ. ಭೂಸೇನೆ, ವಾಯುಪಡೆಯಲ್ಲಿ ಓಕ್ ಮರದ ಎಲೆಯ ಆಕಾರ. ನೌಕಾಪಡೆ, ಮರೀನ್‌ನಲ್ಲಿ ನಕ್ಷತ್ರ. ಒಂದೇ ಸ್ಫೋಟದಲ್ಲಿ ಹತ್ತು ಕಡೆ ಗಾಯವಾದರೂ ಲೆಕ್ಕ ಒಂದೇ.

ಪ್ರಶ್ನೆ: ಪದಕ ಪಡೆದವರಲ್ಲಿ ನಮಗೆ ಗೊತ್ತಿರುವವರು ಯಾರು?

ಅಧ್ಯಕ್ಷರಾದವರಲ್ಲಿ ಪರ್ಪಲ್ ಹಾರ್ಟ್ ಇದ್ದದ್ದು ಜಾನ್ ಎಫ್. ಕೆನಡಿ ಒಬ್ಬರಿಗೇ. 1943ರ ಆಗಸ್ಟ್ 2ರ ರಾತ್ರಿ ಸಾಲೊಮನ್ ದ್ವೀಪಗಳ ಹತ್ತಿರ ಅವರ ಚಿಕ್ಕ ದೋಣಿ ಪಿಟಿ-109ಕ್ಕೆ ಜಪಾನಿನ ಯುದ್ಧನೌಕೆ ಗುದ್ದಿ ಎರಡು ಹೋಳು ಮಾಡಿತು. ಕೆನಡಿ ಬೆನ್ನಿಗೆ ಪೆಟ್ಟಾಗಿತ್ತು. ಆದರೂ ಸುಟ್ಟ ಗಾಯದ ಸಹಚರನೊಬ್ಬನ ಲೈಫ್ ಜಾಕೆಟ್ ಪಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿಹಿಡಿದು ಗಂಟೆಗಟ್ಟಲೆ ಈಜಿ ದ್ವೀಪ ಸೇರಿಸಿದರು. ಇಲ್ಲಿ ಎರಡು ಪದಕಗಳ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಸಹಚರರನ್ನು ಉಳಿಸಿದ್ದಕ್ಕೆ ನೇವಿ ಅಂಡ್ ಮರೀನ್ ಕೋರ್ ಪದಕ. ಗಾಯಕ್ಕೆ ಪರ್ಪಲ್ ಹಾರ್ಟ್.

ಡೇನಿಯಲ್ ಇನೊಯೆ, ಬಾಬ್ ಡೋಲ್, ಫಿಲಿಪ್ ಹಾರ್ಟ್ ಮೂವರೂ ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡು ಮಿಶಿಗನ್‌ನ ಬ್ಯಾಟಲ್ ಕ್ರೀಕ್ ಊರಿನ ಒಂದೇ ಸೇನಾ ಆಸ್ಪತ್ರೆಯಲ್ಲಿದ್ದವರು. ಜಪಾನ್ ಮೂಲದ ಇನೊಯೆ ಇಟಲಿಯಲ್ಲಿ ಬಲಗೈ ಕಳೆದುಕೊಂಡಿದ್ದರು. ಮೂವರೂ ಮುಂದೆ ಸೆನೆಟರ್ ಆದರು. ಆ ಆಸ್ಪತ್ರೆ ಕಟ್ಟಡಕ್ಕೆ ಈಗ ಮೂವರ ಹೆಸರೂ ಇಟ್ಟಿದ್ದಾರೆ. ಈಗಿನ ಸೆನೆಟರ್ ಟ್ಯಾಮಿ ಡಕ್ವರ್ತ್ 2004ರಲ್ಲಿ ಇರಾಕ್‌ನಲ್ಲಿ ಹೆಲಿಕಾಪ್ಟರ್ ಓಡಿಸುತ್ತಿದ್ದಾಗ ರಾಕೆಟ್ ದಾಳಿಯಲ್ಲಿ ಎರಡೂ ಕಾಲು ಕಳೆದುಕೊಂಡವರು.

ಪ್ರಶ್ನೆ: ಒಟ್ಟು ಎಷ್ಟು ಜನರಿಗೆ ಸಿಕ್ಕಿದೆ?

ಸುಮಾರು 18 ಲಕ್ಷ ಎಂಬುದು ಅಂದಾಜು. ಪೂರ್ತಿ ಪಟ್ಟಿ ಸರ್ಕಾರದ ಬಳಿಯೂ ಇಲ್ಲ.

ಇನ್ನೊಂದು ಲೆಕ್ಕ ನೋಡಿ. ಎರಡನೇ ಮಹಾಯುದ್ಧದ ಹೊತ್ತಿಗೆ ಸುಮಾರು 15 ಲಕ್ಷ ಪರ್ಪಲ್ ಹಾರ್ಟ್ ಪದಕಗಳನ್ನು ಅಚ್ಚು ಹಾಕಿಸಿದ್ದರು. ಜಪಾನ್ ನೆಲಕ್ಕೇ ನುಗ್ಗುವ ಯೋಜನೆ ತಯಾರಾಗಿತ್ತು, ಲಕ್ಷಗಟ್ಟಲೆ ಜನ ಗಾಯಗೊಳ್ಳುತ್ತಾರೆ ಎಂದು ಗೊತ್ತಿತ್ತು. 1945ರ ಆಗಸ್ಟ್‌ನಲ್ಲಿ ಜಪಾನ್ ಶರಣಾಯಿತು, ಆ ದಾಳಿ ನಡೆಯಲೇ ಇಲ್ಲ. ಹತ್ತಿರಹತ್ತಿರ 5 ಲಕ್ಷ ಪದಕ ಉಳಿದವು. ಕೊರಿಯಾ, ವಿಯೆಟ್ನಾಂ ಯುದ್ಧಗಳಲ್ಲೂ, ಆಮೇಲೂ ಆ ದಾಸ್ತಾನಿನಿಂದಲೇ ತೆಗೆದು ಕೊಟ್ಟರು. ವಿಯೆಟ್ನಾಂನಲ್ಲಿ ಗಾಯಗೊಂಡ ಹುಡುಗನ ಎದೆಯ ಮೇಲಿದ್ದ ಪದಕ ಅವನು ಹುಟ್ಟುವ ಮೊದಲೇ, ಬೇರೆ ಯಾರಿಗೋ ಎಂದು ತಯಾರಾದದ್ದು.

ಪ್ರಶ್ನೆ: ಪದಕದ ಜೊತೆ ದುಡ್ಡು ಬರುತ್ತದೆಯೇ?

ತಿಂಗಳ ಹಣ ಏನೂ ಇಲ್ಲ. ಸವಲತ್ತುಗಳಿವೆ. ಮಾಜಿ ಸೈನಿಕರ ಆಸ್ಪತ್ರೆ ವ್ಯವಸ್ಥೆಯಲ್ಲಿ ಆದ್ಯತೆ, ಕೇಂದ್ರ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕುವಾಗ 10 ಅಂಕದ ಅನುಕೂಲ, ಸೇನೆಯ ಅಂಗಡಿಗಳಲ್ಲಿ ಖರೀದಿಗೆ ಅವಕಾಶ. 2001ರ ಸೆಪ್ಟೆಂಬರ್ 11ರ ನಂತರ ಪದಕ ಪಡೆದವರಿಗೆ, ಎಷ್ಟು ಕಾಲ ಸೇವೆ ಮಾಡಿದ್ದರೂ, ಓದಿನ ಖರ್ಚಿನ ಪೂರ್ತಿ ಸೌಲಭ್ಯ ಕೊಡಬೇಕು ಎಂದು 2017ರಲ್ಲಿ ಕಾನೂನು ಮಾಡಿದರು. ಇದು ನಿಜಕ್ಕೂ ಬೇಕಾಗಿತ್ತು. ಸೇರಿದ ಕೆಲವೇ ತಿಂಗಳಲ್ಲಿ ಗಾಯಗೊಂಡು ಮನೆಗೆ ಬಂದವರಿಗೆ ಅದುವರೆಗೆ ಅರ್ಧಂಬರ್ಧ ಸಿಗುತ್ತಿತ್ತು.

ಪ್ರಶ್ನೆ: ಅಜ್ಜನಿಗೆ ಸಿಗಬೇಕಿದ್ದ ಪದಕ ಸಿಕ್ಕಿಲ್ಲ. ಈಗ ಮನೆಯವರು ಕೇಳಬಹುದೇ?

ಕೇಳಬಹುದು. ಹತ್ತಿರದ ಬಂಧುಗಳಿಗೆ ಆ ಹಕ್ಕಿದೆ. ಸೇಂಟ್ ಲೂಯಿಸ್‌ನಲ್ಲಿರುವ ರಾಷ್ಟ್ರೀಯ ಸಿಬ್ಬಂದಿ ದಾಖಲೆ ಕೇಂದ್ರಕ್ಕೆ ಸ್ಟ್ಯಾಂಡರ್ಡ್ ಫಾರ್ಮ್ 180 ಎಂಬ ಅರ್ಜಿ ಕಳಿಸಿ ಸೇವಾ ದಾಖಲೆ ತರಿಸಿಕೊಳ್ಳುವುದು ಮೊದಲ ಹೆಜ್ಜೆ.

ಕಷ್ಟ ಇರುವುದು ಇಲ್ಲೇ. 1973ರ ಜುಲೈ 12ರಂದು ಆ ಕೇಂದ್ರದಲ್ಲಿ ಬೆಂಕಿ ಬಿದ್ದು 1.6 ಕೋಟಿಗೂ ಹೆಚ್ಚು ಕಡತಗಳು ಸುಟ್ಟುಹೋದವು. 1912ರಿಂದ 1960ರ ಒಳಗೆ ಭೂಸೇನೆ ಬಿಟ್ಟವರ ದಾಖಲೆಗಳಲ್ಲಿ ನೂರಕ್ಕೆ ಸುಮಾರು 80 ಭಾಗ ಹೋಯಿತು. ಎರಡೂ ಮಹಾಯುದ್ಧದವರು, ಕೊರಿಯಾದವರು ಎಲ್ಲ ಅದರಲ್ಲಿ ಸೇರಿದರು. ಹಾಗಾಗಿ ಮನೆಯಲ್ಲಿರುವ ಹಳೇ ಕಾಗದ ಯಾವುದನ್ನೂ ಬಿಸಾಡಬೇಡಿ. ಆಸ್ಪತ್ರೆಯಿಂದ ಬರೆದ ಪತ್ರ, ಮಗನಿಗೆ ಗಾಯವಾಗಿದೆ ಎಂದು ಮನೆಗೆ ಬಂದ ಟೆಲಿಗ್ರಾಂ, ಬಿಡುಗಡೆ ಪತ್ರ, ಜೊತೆಗಿದ್ದವರು ಬರೆದುಕೊಟ್ಟ ಹೇಳಿಕೆ, ಎಲ್ಲದಕ್ಕೂ ಬೆಲೆ ಇದೆ.

ಇನ್ನೊಂದು ಬಗೆಯವರೂ ಇದ್ದಾರೆ. ಜೊತೆಗಾರ ಹೆಚ್ಚು ನರಳುತ್ತಿದ್ದಾನೆ, ನನ್ನದು ಸಣ್ಣ ಗಾಯ ಎಂದು ತಾವೇ ಬಟ್ಟೆ ಕಟ್ಟಿಕೊಂಡು ಕಾದಾಡಿದವರು. ಚಿಕಿತ್ಸೆ ದಾಖಲಾಗಲಿಲ್ಲ, ಪದಕ ಬರಲಿಲ್ಲ. ಇಂಥವರ ಅರ್ಜಿ ನೋಡುವಾಗ ಮಂಡಳಿಗಳು ಕಾಗದಕ್ಕಿಂತ ಜೊತೆಗಾರರ ಮಾತಿಗೆ ಜಾಸ್ತಿ ಕಿವಿ ಕೊಡಬೇಕು ಎಂಬುದು ನನ್ನ ಗಟ್ಟಿ ನಂಬಿಕೆ.

ಪ್ರಶ್ನೆ: ನಮ್ಮ ದೇಶದಲ್ಲಿ ಇಂಥ ಪದಕ ಇದೆಯೇ?

ಇದೆ. ಪರಾಕ್ರಮ ಪದಕ. ಹಿಂದೆ ಇದನ್ನು ವೂಂಡ್ ಮೆಡಲ್ ಎನ್ನುತ್ತಿದ್ದರು. ಶತ್ರುವಿನ ನೇರ ದಾಳಿಯಲ್ಲಿ, ಉಗ್ರರ ವಿರುದ್ಧದ ಕಾರ್ಯಾಚರಣೆಯಲ್ಲಿ ಗಾಯಗೊಂಡವರಿಗೆ ಕೊಡುತ್ತಾರೆ. ಬಿಳಿ ರಿಬ್ಬನ್, ನಡುವೆ ಕೆಂಪು ಪಟ್ಟಿ. ಪರಮವೀರ ಚಕ್ರ, ವೀರ ಚಕ್ರ, ಸೇನಾ ಮೆಡಲ್‌ಗಳ ಹಾಗೆ ಇದು ಶೌರ್ಯ ಪದಕ ಅಲ್ಲ. ಕೊಡಗು, ಧಾರವಾಡ, ಬೆಳಗಾವಿ ಕಡೆಯ ಫೌಜಿ ಮನೆಗಳಲ್ಲಿ 'ಬ್ಯಾಟಲ್ ಕ್ಯಾಶುವಾಲ್ಟಿ', ಅಂದರೆ ಕಾಳಗದಲ್ಲಿ ಸತ್ತವರು ಅಥವಾ ಗಾಯಗೊಂಡವರು, ಎಂಬ ಮಾತು ಚೆನ್ನಾಗಿ ಗೊತ್ತು. ಕಡತದಲ್ಲಿ ಆ ಎರಡು ಪದ ಇದೆಯೋ ಇಲ್ಲವೋ ಎಂಬುದರ ಮೇಲೆ ಪಿಂಚಣಿ ಎಷ್ಟು ಎಂಬುದು ನಿಂತಿರುತ್ತದೆ. ಮಾರ್ಚ್‌ಪಾಸ್ಟ್ ನೋಡುವಾಗ ಮಾಜಿ ಸೈನಿಕರ ಎದೆಯ ಮೇಲೆ ಬಿಳಿ-ಕೆಂಪು ರಿಬ್ಬನ್ ಕಂಡರೆ ಇನ್ನು ಮೇಲೆ ಗುರುತಿಸಿ. ಅಮೆರಿಕದ ಪದಕದ ಹೆಸರು ನಮ್ಮ ಮಕ್ಕಳಿಗೂ ಗೊತ್ತು, ನಮ್ಮದೇ ಪದಕದ ಹೆಸರು ದೊಡ್ಡವರಿಗೂ ಗೊತ್ತಿಲ್ಲ ಎಂಬುದು ನನಗೆ ನೋವಿನ ಸಂಗತಿ.

ಬೇರೆ ಕಡೆಯೂ ಇಂಥವು ಇವೆ. ಜರ್ಮನಿಯಲ್ಲಿ 1918ರಿಂದ ಕಪ್ಪು, ಬೆಳ್ಳಿ, ಚಿನ್ನ ಎಂದು ಗಾಯದ ಲೆಕ್ಕದ ಮೇಲೆ ಮೂರು ದರ್ಜೆಯ ಬ್ಯಾಡ್ಜ್ ಇತ್ತು. ಕೆನಡಾದಲ್ಲಿ 2008ರಿಂದ ಸ್ಯಾಕ್ರಿಫೈಸ್ ಮೆಡಲ್ ಇದೆ.

ಪ್ರಶ್ನೆ: ಅಮೆರಿಕದ ಪ್ರಜೆ ಅಲ್ಲದ ಭಾರತೀಯನಿಗೆ ಸಿಗಬಹುದೇ?

ಗ್ರೀನ್ ಕಾರ್ಡ್ ಇರುವವರು ಅಮೆರಿಕದ ಸೇನೆಗೆ ಸೇರಬಹುದು. ಸೇರಿದ ಮೇಲೆ ಪದಕದ ನಿಯಮ ಎಲ್ಲರಿಗೂ ಒಂದೇ. ಹುಟ್ಟಿದ್ದು ಹಾಸನವೋ ಹ್ಯೂಸ್ಟನ್ನೋ ಎಂದು ಯಾರೂ ಕೇಳುವುದಿಲ್ಲ.

ಪ್ರಶ್ನೆ: ಪದಕ ಇರುವವರನ್ನು ಕಂಡರೆ ಹೇಗೆ ಮಾತಾಡಿಸಬೇಕು?

'ಹೇಗೆ ಸಿಕ್ಕಿತು?' ಎಂದು ಮೊದಲೇ ಕೇಳಬೇಡಿ. ಅವರಿಗೆ ಅದು ಜೀವನದ ಅತಿ ಕೆಟ್ಟ ದಿನದ ನೆನಪು. ಎಷ್ಟೋ ಸಲ ಅದೇ ದಿನ ಗೆಳೆಯನೂ ಹೋಗಿರುತ್ತಾನೆ. 'ಕಂಗ್ರಾಜುಲೇಷನ್ಸ್' ಎನ್ನುವುದೂ ಹೊಂದುವುದಿಲ್ಲ. ಎಲ್ಲಿ, ಯಾವ ವರ್ಷ ಸೇವೆಯಲ್ಲಿದ್ದಿರಿ ಎಂದು ಕೇಳಿ. ಹೇಳಬೇಕೆನಿಸಿದರೆ ಮುಂದಿನದನ್ನು ಅವರೇ ಹೇಳುತ್ತಾರೆ.

ಪ್ರಶ್ನೆ: ಪದಕ ಪಡೆದವರ ಹೆಸರು ಒಂದೇ ಕಡೆ ನೋಡಲು ಸಿಗುತ್ತದೆಯೇ?

ನ್ಯೂಯಾರ್ಕ್ ರಾಜ್ಯದ ನ್ಯೂ ವಿಂಡ್ಸರ್‌ನಲ್ಲಿ, 1932ರಲ್ಲಿ ಆ 137 ಮಂದಿಗೆ ಪದಕ ಹಾಕಿದ ಜಾಗದಲ್ಲೇ, 2006ರ ನವೆಂಬರ್ 10ರಂದು ನ್ಯಾಷನಲ್ ಪರ್ಪಲ್ ಹಾರ್ಟ್ ಹಾಲ್ ಆಫ್ ಆನರ್ ತೆರೆದರು. ಪದಕ ಪಡೆದವರ ಹೆಸರು, ಕಥೆ, ಫೋಟೋ ಅಲ್ಲಿ ಸೇರಿಸುತ್ತಾ ಬಂದಿದ್ದಾರೆ. ಹೆಸರು ತಾನಾಗಿ ಸೇರುವುದಿಲ್ಲ. ಪದಕ ಪಡೆದವರೇ ಕೊಡಬೇಕು, ಅಥವಾ ಅವರ ಪರವಾಗಿ ಮನೆಯವರು, ಗೆಳೆಯರು ಪದಕ ಸಿಕ್ಕಿದ್ದಕ್ಕೆ ದಾಖಲೆ ಇಟ್ಟು ಕೊಡಬೇಕು. ತೀರಿಕೊಂಡವರ ಹೆಸರನ್ನೂ ಸೇರಿಸಬಹುದು. ನ್ಯೂಯಾರ್ಕ್ ನಗರದಿಂದ ಕಾರಿನಲ್ಲಿ ಹೋದರೆ ಒಂದೂವರೆ ಗಂಟೆಯ ಆಸುಪಾಸು. ಆಗಸ್ಟ್ 7 ಅಲ್ಲಿ ಪರ್ಪಲ್ ಹಾರ್ಟ್ ದಿನ.